ಚಕ್ಕಡಿಯಿಂದ ಲಾರಿಗೆ: ಹಾವೇರಿ ಸೀಮೆಯಲ್ಲಿ ಚಾಲಕವಿದ್ಯೆಯ ಪರಂಪರೆ

ಸಾರಿಗೆಯ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ರಸ್ತೆ, ಸೇತುವೆ, ರೈಲುಮಾರ್ಗಗಳ ಇತಿಹಾಸವನ್ನೇ ಬರೆದಿದ್ದಾರೆ. ವಾಹನವನ್ನು ನಡೆಸಿದವನು ಆ ವಿದ್ಯೆಯನ್ನು ಎಲ್ಲಿ, ಯಾರಿಂದ ಕಲಿತನೆಂದು ಕೇಳಿದವರು ವಿರಳ. ಇದಕ್ಕೆ ಕಾರಣವಿಲ್ಲದಿಲ್ಲ. ಸರಕಾರದ ದಫ್ತರಗಳಲ್ಲಿ ಪರವಾನಗಿ ಪಡೆದವನ ಹೆಸರು ಇರುತ್ತದೆ. ಅವನಿಗೆ ಕಲಿಸಿದವನ ಹೆಸರು ಇರುವುದಿಲ್ಲ. ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ಎಂಬ ನಾಲ್ಕು ತಾಲೂಕುಗಳನ್ನು ಮುಂದಿಟ್ಟುಕೊಂಡು, ದೊಡ್ಡ ಲಾರಿಯನ್ನು ನಡೆಸುವ ವಿದ್ಯೆಯು ಶಾಲೆಯ ಆಶ್ರಯವಿಲ್ಲದೆ ಹೇಗೆ ಬೆಳೆಯಿತು, ಕಾನೂನು ಅದನ್ನು ಯಾವ ದೃಷ್ಟಿಯಿಂದ ಕಂಡಿತು ಎಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ಈ ತಾಲೂಕುಗಳು ೧೯೯೭ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದವು. ಅಂದಿನಿಂದ ಹಾವೇರಿ ಜಿಲ್ಲೆಯಲ್ಲಿವೆ. ಸವಣೂರ ಸಂಸ್ಥಾನವು ೧೯೪೮ರವರೆಗೆ ನವಾಬರ ಆಳಿಕೆಯಲ್ಲಿದ್ದಿತು. ಉಳಿದ ಭಾಗವು ಮುಂಬಯಿ ಪ್ರಾಂತಕ್ಕೆ ಸೇರಿದ್ದು, ೧೯೫೬ರಲ್ಲಿ ಎಲ್ಲವೂ ಮೈಸೂರು ರಾಜ್ಯಕ್ಕೆ ಬಂದವು. ನಮ್ಮ ವಿಷಯಕ್ಕೆ ಇದಕ್ಕಿಂತಲೂ ಮುಖ್ಯವಾದ ಸಂಗತಿಯೊಂದಿದೆ. ೧೮೮೦ರ ದಶಕದಲ್ಲಿ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹಾಕಿದ ರೈಲುಮಾರ್ಗವು ಯಲವಿಗಿ, ಕರಜಗಿ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಹಾಯ್ದು ಹೋಯಿತು. ಹಾನಗಲ್ಲ, ಹಿರೇಕೆರೂರ, ಶಿಗ್ಗಾಂವ ಪಟ್ಟಣಗಳು ಅದರ ಪಶ್ಚಿಮಕ್ಕೆ ಉಳಿದವು. ಆದುದರಿಂದ ಇಲ್ಲಿಯ ಭತ್ತ, ಹತ್ತಿ, ಮೆಣಸಿನಕಾಯಿಗಳು ಸ್ಟೇಶನ್ನಿಗಾಗಲಿ ಪೇಟೆಗಾಗಲಿ ತಲುಪಬೇಕಾದರೆ ಗಾಲಿಯ ಮೇಲೆಯೇ ಸಾಗಬೇಕಾಗಿದ್ದಿತು.

ಆ ಗಾಲಿ ಮೊದಲು ಚಕ್ಕಡಿಯದು. ರೈಲು ಬರುವ ಮುಂಚೆ ಧಾರವಾಡ ಜಿಲ್ಲೆಯ ಹತ್ತಿಯು ಶಿರಸಿಯ ಮಾರ್ಗವಾಗಿ ದೇವಿಮನೆ ಘಟ್ಟವನ್ನಿಳಿದು ಕುಮಟೆಯ ಬಂದರಕ್ಕೆ ಹೋಗುತ್ತಿದ್ದಿತು. ಅಮೇರಿಕೆಯ ಅಂತರ್ಯುದ್ಧದ ಕಾಲದಲ್ಲಿ (೧೮೬೧-೬೫) ಈ ವ್ಯಾಪಾರವು ಹೆಚ್ಚಿತು. ಅಚ್ಚಿಗೆ ಕೀಲೆಣ್ಣೆ ಹಾಕಿ, ಕೆಳಗೆ ಕಂದೀಲು ತೂಗಹಾಕಿ, ಸಾಲಾಗಿ ರಾತ್ರಿಯೆಲ್ಲ ಗಾಡಿ ಹೊಡೆಯುತ್ತಿದ್ದವರು ಭಾರವನ್ನು ಹೇರುವುದರಲ್ಲಿಯೂ ಇಳಿಜಾರಿನಲ್ಲಿ ಅದನ್ನು ತಡೆಯುವುದರಲ್ಲಿಯೂ ನುರಿತವರಾಗಿದ್ದರು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಇಂದಿಗೂ ಲಾರಿಯನ್ನು 'ಹೊಡೆಯುತ್ತಾರೆ'. ಎತ್ತು ಹೋಗಿ ಎಂಜಿನ್ನು ಬಂದರೂ ಕ್ರಿಯಾಪದ ಬದಲಾಗಲಿಲ್ಲ. ಒಂದು ಪದದ ಮೇಲೆ ಹೆಚ್ಚಿನ ಸಿದ್ಧಾಂತವನ್ನು ಕಟ್ಟುವುದು ಯುಕ್ತವಲ್ಲ. ಆದರೂ ಇದನ್ನು ಅಲಕ್ಷಿಸುವುದೂ ಸಲ್ಲದು.

ಮೋಟಾರು ವಾಹನ ನಡೆಸಲು ಪರವಾನಗಿ ಬೇಕೆಂಬ ಅಖಿಲ ಭಾರತ ಕಾಯಿದೆಯು ೧೯೧೪ರಲ್ಲಿ ಬಂದಿತು. ಆದರೆ ಸರಕಿನ ಲಾರಿಯು ಹಳ್ಳಿಯ ರೈತನಿಗೆ ಬಳಕೆಯಾದದ್ದು ಬಹಳ ತಡವಾಗಿ. ಎರಡನೆಯ ಮಹಾಯುದ್ಧದ ಪರಿಣಾಮಗಳು ಈ ವಿಷಯದಲ್ಲಿ ಗಮನಾರ್ಹವಾಗಿವೆ. ಒಂದೆಡೆ ಪೆಟ್ರೋಲು ನಿಯಂತ್ರಣಕ್ಕೊಳಗಾಗಿ, ದೇಶದ ಅನೇಕ ಬಸ್ಸು ಲಾರಿಗಳು ಇದ್ದಿಲಿನ ಅನಿಲದಿಂದ ಓಡಿದವು. ಒಲೆಗೆ ಇದ್ದಿಲು ತುಂಬುವುದಕ್ಕೂ ಗಾಳಿ ಹಾಕುವುದಕ್ಕೂ ಬೂದಿ ತೆಗೆಯುವುದಕ್ಕೂ ಆಳು ಬೇಕಾಗುತ್ತಿದ್ದಿತು. ಕ್ಲೀನರನಿಗೆ ಇದರಿಂದ ಕೆಲಸ ಹೆಚ್ಚಿತು, ಎಂಜಿನ್ನಿನ ಪರಿಚಯವೂ ಹೆಚ್ಚಿತು. ಇನ್ನೊಂದೆಡೆ ಸುಮಾರು ೨೫ ಲಕ್ಷಕ್ಕೆ ಬೆಳೆದ ಭಾರತೀಯ ಸೇನೆಯು ಗ್ರಾಮಾಂತರದ ತರುಣರಿಗೆ ಕ್ರಮಬದ್ಧವಾಗಿ ವಾಹನ ನಡೆಸಲು ಕಲಿಸಿತು. ಯುದ್ಧ ಮುಗಿದ ಮೇಲೆ ಅಂಥವರೂ, ಸೇನೆಯು ಮಾರಿಬಿಟ್ಟ ಲಾರಿಗಳೂ ಒಟ್ಟಿಗೇ ಪೇಟೆಗೆ ಬಂದವು. ಶೆವ್ರೊಲೆ, ಫೋರ್ಡ್, ಫಾರ್ಗೋ, ಬೆಡ್‌ಫರ್ಡ್ ಲಾರಿಗಳ ಕಾಲವದು. ೧೯೫೪ರಲ್ಲಿ ಜಮ್ಶೇಡಪುರದಲ್ಲಿ ಟಾಟಾ-ಮರ್ಸಿಡಿಸ್ ಲಾರಿಗಳ ತಯಾರಿಕೆ ಆರಂಭವಾದ ಬಳಿಕ ಡೀಸೆಲ್ ಲಾರಿಯು ನಮ್ಮ ರಸ್ತೆಗಳ ಸಾಮಾನ್ಯ ದೃಶ್ಯವಾಯಿತು.

ಸೇನೆಯಲ್ಲಿ ಕಲಿತವರು ಕೆಲವರು. ಲಾರಿಯ ಮೇಲೆಯೇ ಕಲಿತವರು ಬಹುಜನ. ಶಾಲೆ ಬಿಟ್ಟ ಹುಡುಗನು ಕ್ಲೀನರನಾಗಿ ಸೇರುವನು. ಗಾಜು ಒರೆಸುವುದು, ನೀರು ಎಣ್ಣೆ ನೋಡುವುದು, ಟಾಯರನ್ನು ಬಡಿದು ಸಪ್ಪಳದಿಂದ ಗಾಳಿಯ ಪ್ರಮಾಣವನ್ನು ತಿಳಿಯುವುದು, ಪಾನಾ ಹಿಡಿಯುವುದು, ಹಗ್ಗ ಬಿಗಿದು ತಾಡಪತ್ರಿ ಹೊದಿಸುವುದು, ದಿನ್ನೆಯಲ್ಲಿ ನಿಂತ ಲಾರಿಯ ಗಾಲಿಗೆ ಕಲ್ಲು ಕೊಡುವುದು ಅವನ ಮೊದಲ ಪಾಠಗಳು. ಚಾಲಕನ ಕಣ್ಣಿಗೆ ಬೀಳದ ಎಡಬದಿಯನ್ನು ನೋಡುತ್ತ, ಬಾಗಿಲನ್ನು ಬಡಿದು ಸೂಚನೆ ಕೊಡುವವನು ಅವನೇ. ಇದರಿಂದ ಲಾರಿಯ ಉದ್ದಗಲಗಳು ಅವನ ಅಳತೆಗೆ ಸಿಕ್ಕುತ್ತಿದ್ದವು. ಅನಂತರ ಪೇಟೆಯ ಬಯಲಿನಲ್ಲಿ ಖಾಲಿ ಲಾರಿಯನ್ನು ಹಿಂದೆ ಮುಂದೆ ಮಾಡಲು ಅಪ್ಪಣೆ ದೊರೆಯುವುದು. ಕೊನೆಗೆ ನಿರ್ಜನವಾದ ರಸ್ತೆಯಲ್ಲಿ, ಬಹುಶಃ ಬೆಳಗಿನ ಜಾವದಲ್ಲಿ, ಸ್ಟೇರಿಂಗು ಅವನ ಕೈಗೆ ಬರುವುದು.

ಭಾರತದ ಹೆದ್ದಾರಿಗಳಲ್ಲಿ ಕ್ಲೀನರನು ಚಾಲಕನನ್ನು 'ಉಸ್ತಾದ' ಎಂದು ಕರೆಯುತ್ತಾನೆ. ನಮ್ಮ ಗರಡಿಮನೆಗಳ 'ವಸ್ತಾದ'ನೂ ಇದೇ ಪದ. ಸಂಬಂಧವೂ ಅಂಥದೇ: ವಿದ್ಯೆಯನ್ನು ವಿವರಿಸುತ್ತಿರಲಿಲ್ಲ, ಮಾಡಿ ತೋರಿಸುತ್ತಿದ್ದರು, ಶಿಷ್ಯನು ಸೇವೆಯಿಂದ ಅದನ್ನು ಸಂಪಾದಿಸಿಕೊಳ್ಳುತ್ತಿದ್ದನು.

ಗೇರು ಬದಲಿಸುವ ಕಲೆಯನ್ನು ಇದಕ್ಕೆ ಉದಾಹರಣೆಯಾಗಿ ನೋಡಬಹುದು. ಆ ಕಾಲದ ಬಹುತೇಕ ಲಾರಿಗಳ ಗೇರುಪೆಟ್ಟಿಗೆಯಲ್ಲಿ ಹಲ್ಲುಗಳ ವೇಗವನ್ನು ತಾನಾಗಿ ಸರಿದೂಗಿಸುವ ಏರ್ಪಾಡು ಇರಲಿಲ್ಲ. ಕೆಳಗಿನ ಗೇರಿಗೆ ಬರಬೇಕಾದರೆ ಕ್ಲಚ್ಚು ತುಳಿದು ಗೇರು ಬಿಡಿಸಿ, ಕ್ಲಚ್ಚು ಬಿಟ್ಟು ಎಂಜಿನ್ನಿನ ವೇಗವನ್ನು ತಕ್ಕಷ್ಟು ಏರಿಸಿ, ಮತ್ತೆ ಕ್ಲಚ್ಚು ತುಳಿದು ಹೊಸ ಗೇರಿಗೆ ಹಾಕಬೇಕು. ಎಷ್ಟು ಏರಿಸಬೇಕೆಂಬುದನ್ನು ಕಿವಿಯಿಂದಲೇ ತಿಳಿಯಬೇಕು. ಘಟ್ಟದ ಇಳಿಜಾರಿನಲ್ಲಿ ಇದು ತಪ್ಪಿದರೆ ಲಾರಿ ಯಾವ ಗೇರಿನಲ್ಲಿಯೂ ಇಲ್ಲದೆ, ಕಾಯ್ದ ಬ್ರೇಕುಗಳ ಮೇಲೆಯೇ ಇಳಿಯಬೇಕಾಗುವುದು. ಹತ್ತಿದ ಗೇರಿನಲ್ಲಿಯೇ ಇಳಿಯಬೇಕೆಂಬ ಚಾಲಕರ ನಿಯಮಕ್ಕೆ ಇದೇ ಮೂಲ.

ಸರಕು ಕೂಡ ಒಂದು ಗುರು. ಮೆಣಸಿನಕಾಯಿಯ ಚೀಲಗಳೂ ಹತ್ತಿಯ ಅಂಡಿಗೆಗಳೂ ಹಗುರವಾಗಿದ್ದು ಎತ್ತರಕ್ಕೆ ಏರುತ್ತವೆ. ತಿರುವಿನಲ್ಲಿ ಲಾರಿ ವಾಲುತ್ತದೆ. ಮಲೆನಾಡಿನ ದಿಮ್ಮಿಗಳು ಭಾರವಾಗಿ ಹಿಂದಕ್ಕೆ ಚಾಚಿಕೊಂಡಿರುತ್ತವೆ. ಸವಣೂರಿನ ವೀಳ್ಯದೆಲೆಯಾದರೋ ಬಾಡುವ ಮೊದಲೇ ಪೇಟೆಯನ್ನು ಸೇರಬೇಕು. ಒಂದೊಂದಕ್ಕೆ ಒಂದೊಂದು ನಡೆ. ಈ ಜ್ಞಾನವನ್ನು ಯಾವ ಪರೀಕ್ಷೆಯೂ ಅಳೆಯಲಿಲ್ಲ.

ಕಾನೂನಿನ ದೃಷ್ಟಿ ಬೇರೆಯಾಗಿದ್ದಿತು. ೧೯೩೯ರ ಮೋಟಾರು ವಾಹನ ಕಾಯಿದೆಯ ಪ್ರಕಾರ ೨೦ ವರ್ಷ ತುಂಬದವನು ಸರಕು ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ನಡೆಸಕೂಡದು. ಕ್ಲೀನರನ ಕಲಿಕೆಯಾದರೋ ಆ ವಯಸ್ಸಿಗೆ ಬಹಳ ಮೊದಲೇ ಆರಂಭವಾಗುತ್ತಿದ್ದಿತು. ೧೯೬೧ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ಮಕ್ಕಳನ್ನು ದುಡಿಸಿಕೊಳ್ಳುವುದನ್ನು ನಿಷೇಧಿಸಿತು. ಆದರೆ ಅದು ಐವರು ಅಥವಾ ಹೆಚ್ಚು ಜನ ಕೆಲಸಗಾರರಿದ್ದ ಸಂಸ್ಥೆಗಳಿಗೆ ಅನ್ವಯಿಸುತ್ತಿದ್ದಿತು. ಒಂದೇ ಲಾರಿಯ ಮಾಲಿಕನು, ಒಬ್ಬ ಚಾಲಕ ಒಬ್ಬ ಕ್ಲೀನರನೊಡನೆ, ಸಹಜವಾಗಿಯೇ ಅದರ ಹೊರಗುಳಿದನು. ಹೀಗೆ ಇಡೀ ವ್ಯಾಪಾರವು ಅವಲಂಬಿಸಿದ್ದ ಕಲಿಕೆಯು ಬಹುಪಾಲು ಕಾನೂನಿನ ಕಣ್ಣಿಗೆ ಬೀಳದೆ ನಡೆಯಿತು. ಈ ಪದ್ಧತಿಯನ್ನು ಗುರುಕುಲವೆಂದು ಹೊಗಳುವುದು ನನಗೆ ಒಪ್ಪಿಗೆಯಲ್ಲ. ಹುಡುಗನ ನಿದ್ರೆ, ಕೂಲಿ, ಕೆಲವೊಮ್ಮೆ ಪ್ರಾಣ ಕೂಡ ಅದರ ಶುಲ್ಕವಾಗಿದ್ದಿತು. ಅವನ ಕೈಯಲ್ಲಿದ್ದ ಲಾರಿಗೆ ಎದುರಾದವರ ಪ್ರಾಣವೂ ಅದರಲ್ಲಿ ಸೇರಿದ್ದಿತು.

೧೯೮೮ರ ಕಾಯಿದೆ ಮಾರ್ಗವನ್ನು ಬದಲಿಸಿತು. ಸಾರಿಗೆ ವಾಹನವನ್ನು ಕಲಿಯುವವನು ಮೊದಲು ಒಂದು ವರ್ಷವಾದರೂ ಲಘು ವಾಹನದ ಪರವಾನಗಿ ಹೊಂದಿರಬೇಕೆಂದೂ, ತರಬೇತಿ ಶಾಲೆಯ ಪ್ರಮಾಣಪತ್ರ ತರಬೇಕೆಂದೂ ವಿಧಿಸಿತು. ಉದ್ದೇಶ ಒಳ್ಳೆಯದೇ. ಆದರೆ ೨೦೦೭ರಲ್ಲಿ ಎಂಟನೆಯ ತರಗತಿ ಪಾಸಾಗಿರಬೇಕೆಂಬ ನಿಯಮವು ಸೇರಿದಾಗ, ಶಾಲೆ ಬಿಟ್ಟದ್ದರಿಂದಲೇ ಕ್ಲೀನರನಾದವನಿಗೆ ಚಾಲಕನಾಗುವ ಬಾಗಿಲು ಮುಚ್ಚಿತು. ಆ ನಿಯಮವನ್ನು ೨೦೧೯ರಲ್ಲಿ ತೆಗೆದುಹಾಕಲಾಯಿತು. ಅಷ್ಟರಲ್ಲಿ ಶಿಗ್ಗಾಂವ, ಬಂಕಾಪುರಗಳ ಬಳಿಯ ಪುಣೆ-ಬೆಂಗಳೂರು ರಸ್ತೆ ಚತುಷ್ಪಥವಾಗಿ, ಲಾರಿಗಳ ಸ್ಟೇರಿಂಗು ಗೇರುಗಳು ಹಗುರವಾಗಿ, ಅನೇಕ ಲಾರಿಗಳು ಕ್ಲೀನರನಿಲ್ಲದೆಯೇ ಓಡತೊಡಗಿದ್ದವು. ಎಡಬದಿಯ ಆಸನದಲ್ಲಿ ಕುಳಿತು ಕಲಿತ ಹಿರಿಯರು ಈ ನಾಲ್ಕು ತಾಲೂಕುಗಳಲ್ಲಿ ಇನ್ನೂ ಇದ್ದಾರೆ. ಅವರ ಹೇಳಿಕೆಗಳನ್ನು ದಿನಾಂಕ, ಮಾರ್ಗ, ಸರಕುಗಳ ವಿವರದೊಡನೆ ಬರೆದಿಡುವ ಕೆಲಸವನ್ನು ಆಯಾ ಊರುಗಳ ಕಾಲೇಜು ವಿದ್ಯಾರ್ಥಿಗಳು ಕೈಗೊಳ್ಳಬಹುದಾಗಿದೆ.