ಮಣ್ಣಿಲ್ಲದ ಬೇಸಾಯ, ಮಣ್ಣಿಲ್ಲದವರ ಲೆಕ್ಕ

2023ರ ಜೂನ್ ತಿಂಗಳು. ಶಿವಮೊಗ್ಗದ ಬಾಡಿಗೆ ಮನೆಯೊಂದರೊಳಗೆ ದೀಪದ ಬೆಳಕಿನಲ್ಲಿ ಗಾಂಜಾ ಬೆಳೆಯುತ್ತಿದ್ದರೆಂದು ಪೊಲೀಸರು ವೈದ್ಯಕೀಯ ಓದುವ ಹುಡುಗರನ್ನು ಹಿಡಿದ ಸುದ್ದಿ ಪೇಪರಿನಲ್ಲಿ ಬಂದಿತ್ತು. ತಿಪಟೂರಿನ ಟೀ ಅಂಗಡಿಯ ಮುಂದೆ ಕೂತು ಅದನ್ನು ಗಟ್ಟಿಯಾಗಿ ಓದಿದೆವು. 2021ರಲ್ಲಿ ಬಿಡದಿ ಹತ್ತಿರದ ಬಾಡಿಗೆ ಬಂಗಲೆಯಲ್ಲಿ ಸಿಕ್ಕ 'ಹೈಡ್ರೋ ಗಾಂಜಾ'ದ ಮಾತೂ ಬಂತು. ಮಣ್ಣೇ ಇಲ್ಲ, ಗೊಬ್ಬರ ಕರಗಿಸಿದ ನೀರಿನಲ್ಲೇ ಗಿಡದ ಬೇರು ಇಳಿಬಿಟ್ಟು ಬೆಳೆಸುತ್ತಾರೆ ಎಂದು ವಿವರಿಸಿದೆವು. ಪಕ್ಕದಲ್ಲಿ ನಮ್ಮ ಕೇರಿಯ ದೊಡ್ಡಪ್ಪ ಕೂತಿದ್ದ. ನಲವತ್ತು ವರ್ಷ ಊರವರ ಕಾಯಿ ಸುಲಿದು ಅಂಗೈ ಮರದ ತೊಗಟೆಯಾದವನು. ಕೇಳಿದ:

'ಮಣ್ಣೇ ಇಲ್ದೆ ಬೆಳೀತಾರೇನ್ಲಾ? ಅಂಗಾರೆ ಇಷ್ಟ್ ದಿನ ನಮಗ್ಯಾಕ್ ಯಾರೂ ಯೋಳ್ಲಿಲ್ಲ?'

ಅಂಗಡಿಯಲ್ಲಿದ್ದವರು ನಕ್ಕರು. ನಮಗೆ ನಗಲಾಗಲಿಲ್ಲ. ಮಣ್ಣಿಲ್ಲದ ಬೇಸಾಯದ ವಿದ್ಯೆ ಇರುವುದೇ ಆದರೆ, ಅದು ಮೊದಲು ತಲುಪಬೇಕಾದದ್ದು ಮಣ್ಣಿಲ್ಲದವರನ್ನಲ್ಲವೆ? ದೊಡ್ಡಪ್ಪನ ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದು ಒಂದು ಇತಿಹಾಸ. ಇಳುವರಿ ಎಷ್ಟು, ಕಾಲ ಎಷ್ಟು, ಖರ್ಚು ಎಷ್ಟು ಎಂಬ ಮೂರು ಮಾತಿನ ಲೆಕ್ಕದ ಇತಿಹಾಸ. ಆ ಲೆಕ್ಕವನ್ನು ಬರೆದವರು ಬೇರೆ, ತೆತ್ತವರು ಬೇರೆ.

ಮೊದಲು ನಮ್ಮ ನೆಲದ ಲೆಕ್ಕವನ್ನೇ ನೋಡೋಣ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ದುಡ್ಡಿನ ಇನ್ನೊಂದು ಹೆಸರು ಉಂಡೆ ಕೊಬ್ಬರಿ. ಬಲಿತ ಕಾಯನ್ನು ಸುಲಿಯದೆ ಅಟ್ಟಕ್ಕೆ ಹಾಕುತ್ತಾರೆ. ಎಂಟು ತಿಂಗಳು, ಹತ್ತು ತಿಂಗಳು, ಕೆಲವು ಸಲ ವರ್ಷವೇ ಆಗುತ್ತದೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆಗೆ ಪೆಟ್ಟಾಗದಂತೆ ತೆಗೆಯಬೇಕು. ನಾಟಿ ಮರವಾದರೆ ಫಲ ಕೊಡುವುದಕ್ಕೇ ಆರೇಳು ವರ್ಷ. ಕೊಡಲು ನಿಂತರೆ ಎರಡು ತಲೆಮಾರು. ಇದು ಕಾಯುವವನ ಬೆಳೆ. ಕಾಯಲು ಏನು ಬೇಕು? ತೋಟ ಬೇಕು, ಅಟ್ಟವಿರುವ ಮನೆ ಬೇಕು, ವರ್ಷವಿಡೀ ಬೇರೆ ಕಡೆಯಿಂದ ಬರುವ ಅನ್ನ ಬೇಕು. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೂ ಪೇಟೆಯಲ್ಲಿ 8,000ದ ಆಸುಪಾಸಿಗೆ ಕುಸಿಯಿತು. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ಕಾಯಬಲ್ಲವನು ಗೆದ್ದ. ಸಾಲಗಾರನ ಕಾಟಕ್ಕೆ ಬಿದ್ದ ಸಣ್ಣ ರೈತ ಬಂದ ಬೆಲೆಗೆ ಮಾರಿ ಸೋತ. ದೊಡ್ಡಪ್ಪನಿಗೆ ಗೆಲುವೂ ಇಲ್ಲ, ಸೋಲೂ ಇಲ್ಲ. ಅವನಿಗೆ ಅಂದೂ ಸುಲಿದ ಕಾಯಿಯ ಎಣಿಕೆಯ ಕೂಲಿ, ಇಂದೂ ಅದೇ.

1974ರ ಭೂಸುಧಾರಣೆ ಉಳುವವನಿಗೆ ಭೂಮಿ ಎಂದಿತು. ಗೇಣಿದಾರನೆಂದು ಕಾಗದದಲ್ಲೋ ಸಾಕ್ಷಿಯಲ್ಲೋ ತೋರಿಸಿಕೊಂಡವನಿಗೆ ಭೂಮಿ ಸಿಕ್ಕಿತು. ಜೀತಕ್ಕಿದ್ದವನು, ಕೂಲಿಗೆ ಹೋದವನು ಉತ್ತರೂ ಉಳುವವನಾಗಲಿಲ್ಲ. ಸರ್ಕಾರ ಮಂಜೂರು ಮಾಡಿದ ಚೂರುಪಾರು ಜಮೀನೂ ಕೈಜಾರಿ ಹೋಗುತ್ತಿತ್ತೆಂದೇ 1978ರಲ್ಲಿ ಪರಭಾರೆ ನಿಷೇಧದ ಕಾಯ್ದೆ ತರಬೇಕಾಯಿತು. 2020ರಲ್ಲಿ ಭೂಸುಧಾರಣಾ ಕಾಯ್ದೆಯನ್ನೇ ತಿದ್ದಿ, ದುಡ್ಡಿದ್ದ ಯಾರು ಬೇಕಾದರೂ ಕೃಷಿಭೂಮಿ ಕೊಳ್ಳಬಹುದೆಂದು ಬಾಗಿಲು ತೆರೆದರು. ಮಣ್ಣಿಲ್ಲದವರು ನಾವು ಎನ್ನುವುದು ಕವಿತೆಯ ಮಾತಲ್ಲ ಗೆಳೆಯರೆ, ಪಹಣಿಯ ಮಾತು.

ಇನ್ನು ಮಣ್ಣಿಲ್ಲದ ಬೇಸಾಯದ ಕಥೆ. ಗಿಡಕ್ಕೆ ಬೇಕಾದದ್ದು ಮಣ್ಣಲ್ಲ, ಮಣ್ಣಿನಲ್ಲಿರುವ ಲವಣ ಎಂಬುದು ವಿಜ್ಞಾನಿಗಳಿಗೆ ಮೊದಲೇ ಗೊತ್ತಿತ್ತು. ಅದನ್ನು ಪ್ರಯೋಗಶಾಲೆಯಿಂದ ಹೊರಕ್ಕೆ ತಂದು ಬೆಳೆ ತೆಗೆದು ತೋರಿಸಿದವನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗೆರಿಕೆ. 'ಹೈಡ್ರೋಪೋನಿಕ್ಸ್' ಎಂಬ ಹೆಸರು ಚಲಾವಣೆಗೆ ಬಂದದ್ದು 1937ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಬರಡು ಕಲ್ಲಿನ ಅಸೆನ್ಷನ್ ದ್ವೀಪದಲ್ಲಿ ಸೈನಿಕರಿಗೆ ತರಕಾರಿ ಬೆಳೆದದ್ದು ಹೀಗೆಯೇ. ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. 1946ರಲ್ಲಿ, ಬಂಗಾಳದ ಮಹಾಕ್ಷಾಮದ ಹೆಣಗಳ ನೆನಪು ಇನ್ನೂ ಹಸಿಯಾಗಿದ್ದಾಗ, ಡಾರ್ಜಿಲಿಂಗ್ ಜಿಲ್ಲೆಯ ಕಾಲಿಂಪಾಂಗಿನಲ್ಲಿ ಶೋಲ್ಟೋ ಡಗ್ಲಸ್ ಎಂಬವನು ಇದೇ ವಿದ್ಯೆಯನ್ನು ಅಗ್ಗ ಮಾಡುವ ಪ್ರಯೋಗಕ್ಕಿಳಿದ. ಪಂಪು, ಯಂತ್ರ ಯಾವುದೂ ಬೇಡ. ತೊಟ್ಟಿ, ಜಲ್ಲಿಕಲ್ಲು, ಮರಳು, ಒಂದಿಷ್ಟು ಲವಣದ ಪುಡಿ ಸಾಕು. ಸಾಮಾನ್ಯ ಜನ ಮನೆಯಂಗಳದಲ್ಲೇ ತರಕಾರಿ ಬೆಳೆದುಕೊಳ್ಳಲಿ ಎಂಬುದು ಉದ್ದೇಶ. 1951ರಲ್ಲಿ ಅದು 'ಬಂಗಾಳ ಪದ್ಧತಿ' ಎಂಬ ಹೆಸರಲ್ಲಿ ಪುಸ್ತಕವೂ ಆಯಿತು.

ಅಂದರೆ ದೊಡ್ಡಪ್ಪನ ಪ್ರಶ್ನೆಯನ್ನು ಇಂಡಿಯಾದ ನೆಲದಲ್ಲೇ ಒಬ್ಬರು ಎಂಬತ್ತು ವರ್ಷದ ಹಿಂದೆ ಕೇಳಿದ್ದರು. ಉತ್ತರವನ್ನೂ ಹುಡುಕಿದ್ದರು. ಆ ಉತ್ತರ ನಮ್ಮ ಕೇರಿಗೆ ಬರಲಿಲ್ಲ. ಕೃಷಿ ಇಲಾಖೆಯ ಜೀಪು ಊರಿಗೆ ಬಂದರೆ ನಿಲ್ಲುತ್ತಿದ್ದದ್ದು ತೋಟವಿದ್ದವರ ಮನೆಯ ಮುಂದೆ. ಜಮೀನಿಲ್ಲದವನಿಗೆ ಕೃಷಿ ಇಲಾಖೆಯಲ್ಲಿ ಏನು ಕೆಲಸ?

ವಿದ್ಯೆ ಹೋದ ದಾರಿ ಅದಾಯಿತು. ಇನ್ನು ಗಿಡ ಬಂದ ದಾರಿ. ನಮ್ಮ ಜನ ಇದನ್ನು ಭಂಗಿ ಎಂದೇ ಕರೆದವರು. ಅಥರ್ವವೇದದಲ್ಲಿ 'ಭಂಗ'ದ ಹೆಸರು ಪವಿತ್ರ ಗಿಡಗಳ ಜೊತೆಗಿದೆ. ಮಠದಲ್ಲಿ, ಜಾತ್ರೆಯಲ್ಲಿ, ಬೈರಾಗಿಯ ಚಿಲುಮೆಯಲ್ಲಿ ಇದು ಭಕ್ತಿ. ಕೂಲಿಯವನ ತುಟಿಗೆ ಬಂದರೆ ಮಾತ್ರ ಚಟ. ಬ್ರಿಟಿಷರಿಗೆ ಇದು ತೆರಿಗೆಯ ಬಾಬತ್ತು. 1893ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದಿತೆಂದು ಸೆಣಬಿನ ಮಾದಕಗಳ ಆಯೋಗ ನೇಮಿಸಿದರು. 1894ರಲ್ಲಿ ವರದಿ ಬಂತು. 1,193 ಸಾಕ್ಷಿಗಳು, ಏಳು ಸಂಪುಟ. ಮಿತವಾಗಿ ಬಳಸಿದರೆ ಹೇಳಿಕೊಳ್ಳುವಂಥ ಹಾನಿಯಿಲ್ಲ, ಪೂರ್ತಿ ನಿಷೇಧ ಬೇಡ, ಲೈಸೆನ್ಸು ಕೊಟ್ಟು ತೆರಿಗೆ ಹಾಕಿ ಹತೋಟಿಯಲ್ಲಿಡಿ ಎಂಬುದು ಅದರ ಸಾರ. ಸಾಕ್ಷಿ ಹೇಳಿದವರಲ್ಲಿ ಅಧಿಕಾರಿಗಳದೇ ದೊಡ್ಡ ಪಾಲು, ಆಮೇಲೆ ವೈದ್ಯರು. ಸೇದುವ ಕೂಲಿಯವನ ಬಗ್ಗೆ ಬೇರೆಯವರು ಮಾತಾಡಿ ಸಂಪುಟ ತುಂಬಿಸಿದರು. ನಮ್ಮ ಬಗ್ಗೆ ಬರೆದ ಇತಿಹಾಸವೆಲ್ಲ ಹೀಗೆಯೇ ಅಲ್ಲವೆ?

ಆದರೂ ಆ ಕಾಲದ ಒಂದು ಉದಾಹರಣೆ ನಮ್ಮ ಕಣ್ಣು ತೆರೆಸುತ್ತದೆ. ಈಗ ಬಾಂಗ್ಲಾದೇಶದಲ್ಲಿರುವ ನೌಗಾಂವ್ ಸೀಮೆಯಲ್ಲಿ ಸರ್ಕಾರದ ಲೈಸೆನ್ಸಿನಲ್ಲಿ ಗಾಂಜಾ ಬೆಳೆಯುತ್ತಿದ್ದ ರೈತರು 1917ರಲ್ಲಿ ತಮ್ಮದೇ ಸಹಕಾರ ಸಂಘ ಕಟ್ಟಿಕೊಂಡರು. ದಲ್ಲಾಳಿಯನ್ನು ದೂರ ಇಟ್ಟರು. ಬಂದ ಲಾಭದಲ್ಲಿ ಶಾಲೆ, ಆಸ್ಪತ್ರೆಗಳಿಗೆ ದುಡ್ಡು ಹಾಕಿದರು. 1987ರಲ್ಲಿ ಆ ಬೇಸಾಯ ನಿಂತಿತು. ಗಿಡ ಅದೇ. ಲೆಕ್ಕದ ಪುಸ್ತಕ ಬೆಳೆಗಾರನ ಕೈಯಲ್ಲಿದ್ದಾಗ ಅದು ಶಾಲೆಯೂ ಆಗಬಲ್ಲುದಾಗಿತ್ತು.

ಆಮೇಲೆ ಲೋಕದ ಗಾಳಿ ತಿರುಗಿತು. 1961ರ ಅಂತಾರಾಷ್ಟ್ರೀಯ ಒಪ್ಪಂದದ ಬೆನ್ನಿಗೆ, 1985ರ ನವೆಂಬರ್ 14ರಿಂದ ನಮ್ಮ ದೇಶದಲ್ಲಿ ಮಾದಕ ವಸ್ತುಗಳ ಕಾಯ್ದೆ ಜಾರಿಗೆ ಬಂತು. ಗಿಡ ಬೆಳೆದವನಿಗೆ ಐದು ವರ್ಷದವರೆಗೆ ಕಠಿಣ ಸಜೆ ಎಂದಿದ್ದದ್ದು 2001ರ ತಿದ್ದುಪಡಿಯಲ್ಲಿ ಹತ್ತು ವರ್ಷದವರೆಗೆ ಆಯಿತು. ಹೂ, ಕಾಯಿ ಬಿಟ್ಟ ತುದಿ ಮಾತ್ರ ಗಾಂಜಾ. ತುದಿಯಿಲ್ಲದ ಬರೀ ಎಲೆ, ಬೀಜ ಗಾಂಜಾ ಅಲ್ಲ. ಹೀಗಾಗಿ ಎಲೆಯಿಂದ ಮಾಡುವ ಭಂಗ್ ಕಾಯ್ದೆಯಿಂದ ಹೊರಗುಳಿಯಿತು. 2022ರಲ್ಲಿ ನಮ್ಮ ಹೈಕೋರ್ಟು ಭಂಗ್ ಹೊಂದಿದ್ದ ಒಬ್ಬನಿಗೆ ಈ ಮಾತು ಹೇಳಿಯೇ ಜಾಮೀನು ಕೊಟ್ಟಿತು.

ಗಿಡ ಹೊಲ ಬಿಟ್ಟು ಕೋಣೆಗೆ ಹೊಕ್ಕದ್ದೂ ಕಾನೂನಿನ ಭಯದಿಂದಲೇ. 1983ರಿಂದ ಕ್ಯಾಲಿಫೋರ್ನಿಯಾದ ಗುಡ್ಡಗಳ ಮೇಲೆ ಹೆಲಿಕಾಪ್ಟರ್ ಹಾರಿಸಿ ಗಾಂಜಾ ಗಿಡ ಕೀಳುವ ದೊಡ್ಡ ಕಾರ್ಯಾಚರಣೆ ಶುರುವಾಯಿತು. ಬೆಳೆಗಾರರು ಮೇಲಿನ ಕಣ್ಣಿಗೆ ಕಾಣದ ಕಡೆ ಹೋದರು: ನೆಲಮಾಳಿಗೆ, ಗೋದಾಮು, ಬಾಡಿಗೆ ಮನೆ. ಅಲ್ಲಿ ಮಣ್ಣು ಹೊರುವುದು ಕಷ್ಟ, ಸೂರ್ಯ ಬರುವುದಿಲ್ಲ. ಕ್ಷಾಮದ ನಾಡಿನಲ್ಲಿ ಬಡವರಿಗೆಂದು ಅಗ್ಗ ಮಾಡಿದ್ದ ವಿದ್ಯೆ ಈಗ ದುಬಾರಿ ದೀಪ, ಏರ್‌ಕಂಡೀಷನ್ನು, ಫ್ಯಾನುಗಳ ಜೊತೆ ಸೇರಿ ಕೋಣೆಯ ಬೆಳೆಯಾಯಿತು.

ಇಲ್ಲಿ ನಿಂತು ಮೂರು ಮಾತಿನ ಲೆಕ್ಕ ಹಾಕೋಣ. ಬಯಲಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಒಂದು ಬೆಳೆ. ಕೋಣೆಯಲ್ಲಿ ಹಗಲು ರಾತ್ರಿಯನ್ನೇ ಸ್ವಿಚ್ಚಿನಿಂದ ತಿರುಗಿಸುವುದರಿಂದ ವರ್ಷಕ್ಕೆ ಹಲವು ಬೆಳೆ. ಕಾಲ ಉಳಿಯಿತು. ಆದರೆ ಉಳಿದ ಕಾಲಕ್ಕೆ ಬೆಲೆ ಕೊಟ್ಟವರು ಯಾರು? 2012ರಲ್ಲಿ ಇವಾನ್ ಮಿಲ್ಸ್ ಎಂಬ ವಿಜ್ಞಾನಿ ಲೆಕ್ಕ ಹಾಕಿದ: ಅಮೆರಿಕದಲ್ಲಿ ಕೋಣೆಯೊಳಗಿನ ಗಾಂಜಾಕ್ಕೆ ದೇಶದ ಒಟ್ಟು ವಿದ್ಯುತ್ತಿನ ಸುಮಾರು ಶೇಕಡ 1 ಭಾಗ ಹೋಗುತ್ತದೆ, ಒಂದು ಕಿಲೋ ಸರಕಿಗೆ 4,600 ಕಿಲೋ ಇಂಗಾಲದ ಹೊಗೆ. 2021ರ ಇನ್ನೊಂದು ಅಧ್ಯಯನ ಊರಿಂದ ಊರಿಗೆ 2,283ರಿಂದ 5,184 ಕಿಲೋ ಎಂದಿತು. ಬಿಸಿಲು ಬಿಟ್ಟಿಯಾಗಿ ಸುರಿಯುವ ಭೂಮಿಯ ಮೇಲೆ ಬಿಸಿಲನ್ನು ಕೊಂಡು ಬೆಳೆಯುವ ಬೆಳೆ ಇದು. ಹಾಗಿದ್ದೂ ಅದು ಗಿಟ್ಟುತ್ತದೆ. ಯಾಕೆಂದರೆ ಆ ಸರಕಿನ ಬೆಲೆಯಲ್ಲಿ ಅರ್ಧ ಗಿಡದ್ದಾದರೆ ಅರ್ಧ ಭಯದ್ದು. ನಿಷೇಧ ಸಡಿಲವಾದ ಕಡೆಯೆಲ್ಲ ಬೆಲೆ ಇಳಿಯುತ್ತದೆ, ಕೋಣೆಯ ಖರ್ಚು ಹೊರಲಾರದೆ ಸಣ್ಣವರು ಮುಳುಗುತ್ತಾರೆ, ದೊಡ್ಡ ಬಂಡವಾಳ ಉಳಿಯುತ್ತದೆ.

ಇನ್ನು ನಮ್ಮ ಪೊಲೀಸ್ ಠಾಣೆಯ ತಕ್ಕಡಿಯ ಲೆಕ್ಕ. ಕಾಯ್ದೆಯ ಪ್ರಕಾರ ಗಾಂಜಾ 1 ಕಿಲೋವರೆಗೆ ಸಣ್ಣ ಪ್ರಮಾಣ. 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ. ಅಲ್ಲಿಂದಾಚೆಗೆ ಕನಿಷ್ಠ ಹತ್ತು ವರ್ಷ ಸಜೆ, ಜಾಮೀನು ಬಲು ಕಷ್ಟ. ತಕ್ಕಡಿ ನೋಡುವುದು ತೂಕವನ್ನು, ಲಾಭವನ್ನಲ್ಲ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದವರ ಸೂಟ್‌ಕೇಸಿನಲ್ಲಿ ಸಿಗುವ ಹೈಡ್ರೋ ಗಾಂಜಾಕ್ಕೆ ಅಧಿಕಾರಿಗಳು ಕಟ್ಟುವ ಬೆಲೆ ಹೊಲದ ಗಾಂಜಾಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹತ್ತಿ, ಮೆಣಸಿನಗಿಡದ ಸಾಲಿನ ನಡುವೆ ಬೆಳೆದವನದು ತೂಕ ಹೆಚ್ಚು, ದುಡ್ಡು ಕಡಿಮೆ. ಕೋಣೆಯವನದು ತೂಕ ಕಡಿಮೆ, ದುಡ್ಡು ಹೆಚ್ಚು. ಒಂದೊಂದು ರೂಪಾಯಿ ಲಾಭಕ್ಕೆ ಎಷ್ಟು ದಿನ ಜೈಲು ಎಂದು ಲೆಕ್ಕ ಹಾಕಿ ನೋಡಿ, ಹೊಲದವನೇ ಜಾಸ್ತಿ ತೆತ್ತಿರುತ್ತಾನೆ. ಇಷ್ಟು ಸಾಲದೆಂಬಂತೆ, ಹೊಲದ ಗಿಡವನ್ನು ಬೇರು, ಕಾಂಡ, ಎಲೆ ಸಮೇತ ಕಿತ್ತು ಹಸಿಯಾಗಿಯೇ ತೂಗುತ್ತಾರೆ. ಗಾಂಜಾ ಎಂದರೆ ತುದಿ ಮಾತ್ರ ಎಂದು ಕಾಯ್ದೆಯೇ ಹೇಳಿರುವಾಗ ಇದೇನು ತೂಕ ಎಂಬ ತಕರಾರು ನ್ಯಾಯಾಲಯಗಳ ಮುಂದೆ ಮತ್ತೆ ಮತ್ತೆ ಬಂದಿದೆ. ಆ ತಕರಾರು ಎತ್ತಲು ವಕೀಲ ಬೇಕು. ವಕೀಲನಿಗೆ ಫೀಜು ಬೇಕು.

ಜೈಲಿನಲ್ಲಿರುವವರು ಯಾರು? 2022ರ ಸರ್ಕಾರಿ ಅಂಕಿಗಳ ಪ್ರಕಾರ ದೇಶದ ಜೈಲುಗಳಲ್ಲಿ ನಾಲ್ವರಲ್ಲಿ ಮೂವರು ತೀರ್ಪೇ ಆಗದ ವಿಚಾರಣಾಧೀನರು. ಅವರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬ ಪರಿಶಿಷ್ಟ ಜಾತಿಯವನು. ಜನಸಂಖ್ಯೆಯಲ್ಲಿ ನಮ್ಮ ಪಾಲು ಆರರಲ್ಲಿ ಒಂದು. ಅಮೆರಿಕದಲ್ಲೂ ಇದೇ ಹಾಡು. ಸೇದುವುದರಲ್ಲಿ ಕರಿಯರೂ ಬಿಳಿಯರೂ ಹೆಚ್ಚುಕಡಿಮೆ ಸಮ. ಅರೆಸ್ಟಾಗುವುದರಲ್ಲಿ ಕರಿಯರು ಬಿಳಿಯರ 3.7ರಷ್ಟು ಪಟ್ಟು ಎಂದು ಅಲ್ಲಿನ ನಾಗರಿಕ ಹಕ್ಕುಗಳ ಒಕ್ಕೂಟ 2013ರಲ್ಲಿ ತೋರಿಸಿತು. ಕೊಲರಾಡೊ ರಾಜ್ಯದ ಮತದಾರರು 2012ರಲ್ಲಿ ಮಾರಾಟಕ್ಕೆ ಒಪ್ಪಿದರು, ಕೆನಡಾ 2018ರಲ್ಲಿ ಒಪ್ಪಿತು. ನಿನ್ನೆಯ ಅಪರಾಧ ಇವತ್ತು ಕಂಪನಿಯ ಷೇರಾಯಿತು. ಜೈಲಿಗೆ ಹೋದವರ ಬೀದಿಗೆ ಆ ದುಡ್ಡು ಬರಲಿಲ್ಲ.

ನಾಳೆ ನಮ್ಮಲ್ಲೂ ಕಾನೂನು ಬದಲಾಗಬಹುದು. 2018ರಲ್ಲೇ ಉತ್ತರಾಖಂಡ ನಾರಿಗಾಗಿ ಸೆಣಬು ಬೆಳೆಯಲು ಲೈಸೆನ್ಸು ಕೊಟ್ಟಿತು. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಆಯೋಗದಲ್ಲಿ ಈ ಗಿಡವನ್ನು ಅತಿ ಕಠಿಣ ಪಟ್ಟಿಯಿಂದ ತೆಗೆಯುವ ಪ್ರಶ್ನೆ ಬಂದಾಗ ಇಂಡಿಯಾ ತೆಗೆಯಿರಿ ಎಂದೇ ಮತ ಹಾಕಿತು. ಅಂಥ ದಿನ ಬಂದರೆ ಲೈಸೆನ್ಸು ಯಾರಿಗೆ? ಅರ್ಜಿಯ ಜೊತೆ ಪಹಣಿ ಕೇಳುವುದಿಲ್ಲವೆ? ಠೇವಣಿ ಕೇಳುವುದಿಲ್ಲವೆ?

ನಮ್ಮನ್ನು ತಪ್ಪು ತಿಳಿಯಬೇಡಿ. ಗಾಂಜಾ ಬೆಳೆಯಿರಿ ಎಂದು ನಾವು ಹೇಳುತ್ತಿಲ್ಲ, ಸೇದಿರಿ ಎಂದಂತೂ ಇಲ್ಲ. 'ಹೆಂಡ ಬೇಡ, ವಸತಿ ಶಾಲೆ ಬೇಕು' ಎಂದು ದಲಿತ ಸಂಘರ್ಷ ಸಮಿತಿಯ ಹಿರಿಯರು ಕೂಗಿದ್ದರಿಂದಲೇ ನಾವು ನಾಲ್ಕಕ್ಷರ ಕಲಿತು ಇವತ್ತು ಇದನ್ನು ಬರೆಯುತ್ತಿರುವುದು. ನಮ್ಮ ಕೇರಿಯ ಮಕ್ಕಳ ತಲೆ ಮಂಕಾಗಿಸುವ ಯಾವ ಸೊಪ್ಪೂ ನಮಗೆ ಬೇಡ. ತೋಟ ಕಾಯುವ ಕೂಲಿಗೆ ಹೋದ ತಮ್ಮಂದಿರಿಗೆ ಒಂದು ಮಾತು: ಬೇರೆಯವರು ನೆಟ್ಟ ಗಿಡಕ್ಕೆ ನೀರು ಹಾಕುವ ಮುನ್ನ ಅದು ಯಾವ ಗಿಡವೆಂದು ಕೇಳಿ. ಹಿಡಿದ ದಿನ 'ನನಗೇನೂ ಗೊತ್ತಿಲ್ಲ, ಎಲ್ಲ ಆಳು ಮಾಡಿದ್ದು' ಅನ್ನುವ ಧಣಿಗಳು ಇದ್ದೇ ಇರುತ್ತಾರೆ. ಹಳ್ಳಿಯ ಮೇಷ್ಟ್ರುಗಳಿಗೂ ಒಂದು ಕೋರಿಕೆ: ಬಡ್ಡಿ ಲೆಕ್ಕ ಹೇಳಿಕೊಡುವಾಗ ಈ ಲೆಕ್ಕವನ್ನೂ ಹೇಳಿಕೊಡಿ. ಇಳುವರಿ, ಕಾಲ, ಖರ್ಚು ಎಂದು ಮೂರು ಕಾಲಂ ಹಾಕುತ್ತೀರಲ್ಲ, ಪಕ್ಕದಲ್ಲಿ ನಾಲ್ಕನೆಯದೊಂದು ಗೆರೆ ಎಳೆಯಿರಿ: ತೆತ್ತವರು ಯಾರು?

ಆ ದಿನ ಟೀ ಅಂಗಡಿಯಿಂದ ಏಳುವಾಗ ಕಾಲಿಂಪಾಂಗಿನ ಕಥೆ ನಮಗೂ ಗೊತ್ತಿರಲಿಲ್ಲ. ಆಮೇಲೆ ಓದಿಕೊಂಡು ಹೋಗಿ ಹೇಳಿದೆವು. ತೊಟ್ಟಿ, ಜಲ್ಲಿ, ಮರಳು, ಲವಣ, ಇಷ್ಟೇ ಎಂದೆವು. ದೊಡ್ಡಪ್ಪ ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ ಅಂದ:

'ತೊಟ್ಟಿ ಇಡಕ್ಕಾದ್ರೂ ಒಂದ್ ಮೂರಡಿ ಜಾಗ ಬೇಕಲ್ಲೇನ್ಲಾ. ಈ ಗುಡ್ಲು ಇರೋ ಜಾಗಕ್ಕೇ ಇನ್ನೂ ಹಕ್ಕುಪತ್ರ ಬಂದಿಲ್ಲ.'

ನಾವು ಮತ್ತೆ ಅರ್ಜಿ ಬರೆಯಲು ಕೂತೆವು.