ಓಡುವ ಮನೆಯ ಕಪಾಟಿನ ಬಾಗಿಲು

ಸಿನಿಮಾ ಶೂಟಿಂಗ್ ನಡೆಯುವ ಕಡೆ ಹೀರೋ ಕೂರುವ ಕ್ಯಾರವಾನನ್ನು ನಮ್ಮಲ್ಲಿ ಎಷ್ಟೋ ಜನ ದೂರದಿಂದ ನೋಡಿದ್ದೇವೆ. ಯುರೋಪು, ಅಮೆರಿಕದಲ್ಲಿ ಇದರ ಚಿಕ್ಕ ತಮ್ಮನಂಥ ವ್ಯಾನು ಸಾಮಾನ್ಯ ಸಂಬಳದವರ ಬಳಿಯೂ ಇರುತ್ತದೆ. ಅದರ ಹೆಸರು ಕ್ಯಾಂಪರ್‌ವ್ಯಾನ್. ಒಳಗೆ ಮಡಚುವ ಹಾಸಿಗೆ, ಒಲೆ, ನೀರಿನ ತೊಟ್ಟಿ, ಗೋಡೆಗುಂಟ ಕಪಾಟು. ಎಂಜಿನ್ ಗಟ್ಟಿಯಾಗಿದ್ದರೂ ಇಂಥ ವ್ಯಾನಿನ ಒಡೆಯರಿಗೆ ಪದೇಪದೇ ಕಾಟ ಕೊಡುವುದು ಆ ಕಪಾಟಿನ ಬಾಗಿಲು. ಹಿಂಜಸ್ ಕಿತ್ತು ಬರುತ್ತದೆ, ಚಿಲಕ ಮುರಿಯುತ್ತದೆ. ಅಷ್ಟು ಚಿಕ್ಕ ಸಾಮಾನಿಗೂ ಒಂದು ಇತಿಹಾಸ ಇದೆ. ಅದರ ಒಂದು ತುದಿ ನಮ್ಮೂರಿನ ಟಿವಿ ಸ್ಟ್ಯಾಂಡಿಗೂ ಬಂದು ತಾಗುತ್ತದೆ.

ಮನೆಯ ಕಪಾಟು ನಿಂತಲ್ಲೇ ನಿಂತಿರುತ್ತದೆ, ವ್ಯಾನಿನದ್ದು ಹಾಗಲ್ಲ. ಬ್ರೇಕ್ ಹಾಕಿದರೆ ಒಳಗಿನ ಪಾತ್ರೆಗಳು ಮುಂದಕ್ಕೆ ಜಾರುತ್ತವೆ, ತಿರುವಿನಲ್ಲಿ ಬಾಗಿಲನ್ನೇ ಒಳಗಿನಿಂದ ಗುದ್ದುತ್ತವೆ. ಇದರ ಜೊತೆಗೆ ದಿನವಿಡೀ ನಡುಕ. ಹಳೇ ಬಸ್ಸಿನ ಕಿಟಕಿ ಗಾಜು ಗಡಗಡ ಅನ್ನುತ್ತಾ ಒಂದೊಂದೇ ಸ್ಕ್ರೂ ಉದುರಿಸುವುದನ್ನು ನೀವು ನೋಡಿದ್ದೀರಲ್ಲ, ಅದೇ ಕತೆ.

ಈ ಕಷ್ಟವನ್ನು ಮೊದಲು ಕಂಡವರು ಹಡಗಿನವರು. ಅಲೆಗೆ ಹಡಗು ವಾಲಿದಾಗ ಡ್ರಾಯರ್ ತಾನಾಗಿ ಹೊರಬರಬಾರದು. ಅದಕ್ಕೆ ಸ್ವಲ್ಪ ಮೇಲೆತ್ತಿ ಎಳೆದರೆ ಮಾತ್ರ ತೆರೆಯುವ ಹಾಗೆ ಕೆಳಗೆ ಒಂದು ಕಚ್ಚು ಕೊಡುವುದು ಬಡಗಿಗಳ ರೂಢಿ. ಶೆಲ್ಫಿನ ಅಂಚಿಗೆ ಒಂದು ಪಟ್ಟಿ ಹೊಡೆದು ತಟ್ಟೆ ಜಾರದಂತೆ ತಡೆಯುತ್ತಿದ್ದರು. ಸುಮ್ಮನೆ ತಿರುಗಾಟಕ್ಕೆಂದೇ ಕಟ್ಟಿಸಿದ ಮೊದಮೊದಲ ಗಾಡಿಮನೆಗಳಲ್ಲಿ ಒಂದರ ಒಡೆಯ ಕೂಡ ಹಡಗಿನ ಮನುಷ್ಯನೇ. ಬ್ರಿಟಿಷ್ ನೌಕಾಪಡೆಯಲ್ಲಿ ವೈದ್ಯನಾಗಿದ್ದ ವಿಲಿಯಂ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ಬ್ರಿಸ್ಟಲ್ ವ್ಯಾಗನ್ ವರ್ಕ್ಸ್‌ನಲ್ಲಿ ಕುದುರೆ ಎಳೆಯುವ ಒಂದು ಗಾಡಿ ಮಾಡಿಸಿದ. ಹೆಸರು 'ವಾಂಡರರ್', ಅಂದರೆ ಅಲೆಮಾರಿ. ಅದನ್ನು ಆತ ನೆಲದ ಮೇಲಿನ ವಿಹಾರ ನೌಕೆ ಎಂದೇ ಕರೆದ. ಮಹಾಗನಿ, ಮೇಪಲ್ ಮರದ ಆ ಗಾಡಿ ಸುಮಾರು 2 ಟನ್ ತೂಗುತ್ತಿತ್ತು. ಗಟ್ಟಿ ಮರ, ಕುದುರೆಯ ನಡಿಗೆಯ ವೇಗ. ಬಾಗಿಲಿನ ಕೀಲು ಸಡಿಲವಾದರೂ ದಾರಿಯಲ್ಲಿ ಸಿಕ್ಕ ಯಾವ ಬಡಗಿಯೂ ಸರಿ ಮಾಡಬಹುದಾಗಿದ್ದ ಕೆಲಸ ಅದು.

ಮೋಟಾರು ಬಂದ ಮೇಲೆ ಲೆಕ್ಕ ಬದಲಾಯಿತು. ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ 1844ರಲ್ಲಿ ಒಂದು ಕಮ್ಮಾರಸಾಲೆಯಾಗಿ ಶುರುವಾದದ್ದು, ಕುದುರೆ ಗಾಡಿ ಮಾಡುತ್ತಿದ್ದವರು. ಫೋಕ್ಸ್‌ವ್ಯಾಗನ್ ತನ್ನ ದುಂಡುಮುಖದ ವ್ಯಾನನ್ನು 1950ರಲ್ಲಿ ತಯಾರಿಸಲು ತೊಡಗಿತು. ಮರುವರ್ಷವೇ ವೆಸ್ಟ್‌ಫಾಲಿಯಾದವರು ಅದರೊಳಗೆ ಇಡುವ 'ಕ್ಯಾಂಪಿಂಗ್ ಬಾಕ್ಸ್' ತಂದರು. ಇದನ್ನು ಯೋಚಿಸಿದವರ ತಲೆ ನಮಗೆ ಬಹಳ ಇಷ್ಟವಾಯಿತು. ವಾರವೆಲ್ಲ ವ್ಯಾನಿನಲ್ಲಿ ಸಾಮಾನು ಸಾಗಿಸಿ, ಶನಿವಾರ ಪೆಟ್ಟಿಗೆ ಒಳಗಿಟ್ಟರೆ ಅದೇ ಮನೆ. ಸೋಮವಾರ ಪೆಟ್ಟಿಗೆ ಆಚೆ. ಯುದ್ಧ ಮುಗಿದು ಆರೇ ವರ್ಷವಾಗಿದ್ದ ದೇಶದಲ್ಲಿ ಎರಡು ಗಾಡಿ ಕೊಳ್ಳುವ ಶಕ್ತಿ ಎಷ್ಟು ಜನರಿಗಿತ್ತು? ಮುಂದೆ ಕಪಾಟುಗಳು ವ್ಯಾನಿನಲ್ಲೇ ಕಾಯಂ ಕೂತವು. ಕೂತ ಮೇಲೆ ತೂಕ ಇಳಿಸಬೇಕು, ಖರ್ಚೂ ಇಳಿಸಬೇಕು.

ಖರ್ಚು ಇಳಿಸಲು ಒಂದು ದಾರಿ ಆಗಲೇ ಸಿದ್ಧವಿತ್ತು. ಮರ ಕೊಯ್ದಾಗ ಉಳಿಯುವ ಪುಡಿ, ಚಕ್ಕೆಗಳನ್ನು ಅಂಟು ಹಾಕಿ ಒತ್ತಿ ಹಲಗೆ ಮಾಡುವ ವಿಧಾನಕ್ಕೆ ಜರ್ಮನಿಯ ಮ್ಯಾಕ್ಸ್ ಹಿಮ್ಮೆಲ್‌ಹೆಬರ್ 1932ರಲ್ಲಿ ಪೇಟೆಂಟ್ ಮಾಡಿದ್ದ. ಅದೇ ಇವತ್ತಿನ ಪಾರ್ಟಿಕಲ್ ಬೋರ್ಡ್. ಹಾಳಾಗಿ ಹೋಗುತ್ತಿದ್ದ ಮರ ಉಪಯೋಗಕ್ಕೆ ಬಂತು, ಒಪ್ಪಲೇಬೇಕು. ಆದರೆ ಈ ಹಲಗೆಗೆ ಮರದ ಉದ್ದನೆಯ ನಾರಿಲ್ಲ. ಸಾಗುವಾನಿಯಲ್ಲಿ ಸ್ಕ್ರೂವಿನ ಎಳೆಗಳು ನಾರನ್ನು ಕಚ್ಚಿ ಹಿಡಿಯುತ್ತವೆ. ಇಲ್ಲಿ ಕಚ್ಚುವುದು ಅಂಟಿಸಿದ ಚಕ್ಕೆಯನ್ನು. ಒಮ್ಮೆ ಕಿತ್ತರೆ ತೂತಿನ ಸುತ್ತ ಪುಡಿಯೇ ಉಳಿಯುತ್ತದೆ, ಅದೇ ಸ್ಕ್ರೂವನ್ನು ಮತ್ತೆ ಎಷ್ಟು ತಿರುಗಿಸಿದರೂ ಬಿಗಿಯಾಗುವುದಿಲ್ಲ.

ಹಲಗೆ ಬದಲಾದಂತೆ ಹಿಂಜಸ್ಸೂ ಬದಲಾಯಿತು. ಉತ್ತರ ಕರ್ನಾಟಕದವರು ಬಿಜಾಗರಿ ಎನ್ನುವ ಈ ಸಾಮಾನನ್ನು ಮಾಡುವ ಎರಡು ದೊಡ್ಡ ಹೆಸರುಗಳ ಮೂಲ ನೋಡಿ. ಹೆಟ್ಟಿಕ್ ಮನೆತನ 1888ರಲ್ಲಿ ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಸೀಮೆಯಲ್ಲಿ ಗಡಿಯಾರದ ಬಿಡಿಭಾಗ ಮಾಡುತ್ತಿತ್ತು. ಆಸ್ಟ್ರಿಯಾದ ಜೂಲಿಯಸ್ ಬ್ಲೂಮ್ 1952ರಲ್ಲಿ ಶುರು ಮಾಡಿದ್ದು ಕುದುರೆ ಲಾಳಕ್ಕೆ ಹಾಕುವ, ಜಾರದಂತೆ ತಡೆಯುವ ಗುಬುಟುಗಳನ್ನು. ಕುದುರೆ ಹೋದವು, ಕಂಪನಿ ಹಿಂಜಸ್ಸಿಗೆ ತಿರುಗಿತು. ಬಾಗಿಲಿನ ಹಿಂಬದಿ 35 ಮಿಲಿಮೀಟರ್ ಅಗಲದ ಗುಂಡಿ ಕೊರೆದು ಬಟ್ಟಲಿನಂತೆ ಕೂರಿಸುವ, ಹೊರಗಿನಿಂದ ಕಾಣದ ಹಿಂಜಸ್ ಇವತ್ತು ಬಹುತೇಕ ಅಡುಗೆಮನೆಗಳಲ್ಲಿದೆ. ಎಷ್ಟೋ ಹೊಸ ವ್ಯಾನುಗಳಲ್ಲೂ ಇದೆ. ಮನೆಯಲ್ಲಿ ಅದರ ಸ್ಪ್ರಿಂಗ್ ಬಾಗಿಲನ್ನು ಮುಚ್ಚಿ ಹಿಡಿಯಲು ಸಾಕು. ಓಡುವ ವ್ಯಾನಿನಲ್ಲಿ ಸ್ಪ್ರಿಂಗೂ ಸಾಲದು, ಅಯಸ್ಕಾಂತವೂ ಸಾಲದು, ಕಚ್ಚಿ ಹಿಡಿಯುವ ಚಿಲಕವೇ ಬೇಕು. ಅದಕ್ಕೇ ಒತ್ತುವ ಗುಂಡಿಯ ಚಿಲಕ ಬಂತು. ಒತ್ತಿದರೆ ಗುಂಡಿ ಒಳಗೆ ಹೋಗಿ ಬೀಗ, ಮತ್ತೆ ಒತ್ತಿದರೆ ಹೊರಗೆ ಬಂದು ಹಿಡಿಕೆ. ಜಾಣತನದ ಕೆಲಸ. ಆದರೆ ಪ್ಲಾಸ್ಟಿಕ್ಕಿನದ್ದಾದರೆ ಹತ್ತಿಪ್ಪತ್ತು ವರ್ಷದ ಬಿಸಿಲು, ಚಳಿಗೆ ಪೆಡಸಾಗಿ ಪಟ್ ಅನ್ನುತ್ತದೆ.

ಹಾಗಾಗಿ ರಿಪೇರಿ. ಕಿತ್ತುಹೋದ ತೂತಿಗೆ ಬೆಂಕಿಕಡ್ಡಿ ಇಲ್ಲವೇ ಬಿದಿರು ಕಡ್ಡಿಯನ್ನು ಮರದ ಅಂಟಿನಲ್ಲಿ ಅದ್ದಿ ತುರುಕಿ, ಒಂದು ರಾತ್ರಿ ಒಣಗಲು ಬಿಟ್ಟು, ಸಣ್ಣ ಬಿಟ್ಟಿನಿಂದ ತೂತು ಹಾಕಿ ಸ್ಕ್ರೂ ತಿರುಗಿಸುವುದು ಎಲ್ಲ ದೇಶದವರೂ ಮಾಡುವ ಉಪಾಯ. ನಮ್ಮ ಆಚಾರ್ರೂ ಅದನ್ನೇ ಮಾಡುತ್ತಾರೆ. ನಿಂತ ಕಪಾಟಿಗೆ ಇದು ಸರಿ. ನಡುಗುವ ವ್ಯಾನಿಗೆ ಇನ್ನೂ ಗಟ್ಟಿ ದಾರಿ ಎಂದರೆ ಹಾಳಾದ ಜಾಗದ ಹಿಂದೆ ಪ್ಲೈವುಡ್ ತುಂಡು ಅಂಟಿಸಿ, ಸ್ಕ್ರೂ ಬದಲು ಆರಪಾರ ಬೋಲ್ಟ್ ಹಾಕಿ, ಹಿಂದೆ ಅಗಲದ ವಾಷರ್ ಕೊಟ್ಟು ನಟ್ ಬಿಗಿಯುವುದು. ಆಗ ಎಳೆತ ಒಂದೇ ತೂತಿನ ಮೇಲೆ ಬೀಳದೆ ಅಗಲಕ್ಕೆ ಹಂಚಿಹೋಗುತ್ತದೆ. ಜಾಗ ಇದ್ದರೆ ಹಿಂಜಸ್ಸನ್ನೇ ಒಂದೆರಡು ಇಂಚು ಆಚೆ ಸರಿಸಿ ಹೊಸ ಹಲಗೆಗೆ ಹಾಕಬಹುದು. ಬಾಗಿಲಿನ ಉದ್ದಕ್ಕೂ ಬರುವ ಪಿಯಾನೋ ಹಿಂಜಸ್ ಹಾಕುವವರೂ ಇದ್ದಾರೆ. ನೋಡಲು ಅಷ್ಟು ಚೆಂದವಿಲ್ಲ, ಆದರೆ ಒಂದು ಸ್ಕ್ರೂ ಸಡಿಲವಾದರೆ ಉಳಿದವು ಹಿಡಿಯುತ್ತವೆ.

ಹಳೇ ವ್ಯಾನಿನ ಪ್ಲಾಸ್ಟಿಕ್ ಭಾಗ ಸಿಗದಿದ್ದಾಗ ಜನ ಈಗ ಮುರಿದ ತುಂಡನ್ನು ಅಳೆದು ತ್ರೀಡಿ ಪ್ರಿಂಟರಿನಲ್ಲಿ ತಾವೇ ಮಾಡಿಕೊಳ್ಳುತ್ತಾರೆ. ಇದನ್ನು ಬರೀ ಶೋಕಿ ಅನ್ನಲಾಗದು. ಅಮೆರಿಕದಲ್ಲಿ 2008ರ ಆರ್ಥಿಕ ಕುಸಿತದ ನಂತರ ಮನೆ ಕಳಕೊಂಡು ವ್ಯಾನಿನಲ್ಲೇ ಬದುಕು ಹೂಡಿದ ವಯಸ್ಸಾದವರು ಇದ್ದಾರೆ. ಜೆಸಿಕಾ ಬ್ರೂಡರ್ 2017ರಲ್ಲಿ ಅವರ ಬಗ್ಗೆ ಬರೆದ 'ನೊಮ್ಯಾಡ್‌ಲ್ಯಾಂಡ್' ಪುಸ್ತಕ ಮುಂದೆ ಸಿನಿಮಾ ಆಗಿ ಆಸ್ಕರ್ ಗೆದ್ದಿತು. ಅಂಥವರಿಗೆ ಆ ಕಪಾಟೇ ಅಡುಗೆಮನೆ, ಅದರ ಬಾಗಿಲು ಕಿತ್ತರೆ ರಾತ್ರಿ ಊಟದ ತಟ್ಟೆಗಳು ನೆಲದ ಮೇಲೆ.

ನಮ್ಮ ಹಳ್ಳಿಗಳಲ್ಲಿ ಕ್ಯಾಂಪರ್‌ವ್ಯಾನ್ ಇಲ್ಲ. ಹಿಮ್ಮೆಲ್‌ಹೆಬರನ ಹಲಗೆ ಮಾತ್ರ ಕಂತಿನಲ್ಲಿ ಕೊಂಡ ಟಿವಿ ಸ್ಟ್ಯಾಂಡಾಗಿ, ಮಗಳ ಮದುವೆಗೆ ಕೊಟ್ಟ ಡ್ರೆಸ್ಸಿಂಗ್ ಟೇಬಲ್ಲಾಗಿ ಮನೆಮನೆಗೆ ಬಂದಿದೆ. ಮಳೆಗಾಲದ ತೇವಕ್ಕೆ ಅಂಚು ಉಬ್ಬುತ್ತದೆ, ಬಾಗಿಲು ಜೋತು ಬೀಳುತ್ತದೆ, ಅಂಗಡಿಯವರು "ಇದು ರಿಪೇರಿ ಆಗಲ್ಲ, ಹೊಸದು ತಗೊಳ್ಳಿ" ಅನ್ನುತ್ತಾರೆ. ಹಲಗೆ ಪೂರ್ತಿ ನೆನೆದು ಬಿರಿದಿದ್ದರೆ ಅವರ ಮಾತು ನಿಜ. ಬರೀ ಹಿಂಜಸ್ ಕಿತ್ತಿದ್ದರೆ ನಿಜವಲ್ಲ.

ಹಾರ್ಡ್‌ವೇರ್ ಅಂಗಡಿಗೆ ಹೋಗುವಾಗ ಮುರಿದ ಹಿಂಜಸ್ಸನ್ನೇ ಜೇಬಿಗೆ ಹಾಕಿಕೊಂಡು ಹೋಗಿ. ಬಟ್ಟಲು 35 ಮಿಲಿಮೀಟರ್ ಇದೆಯಾ ನೋಡಿ. ಆಮೇಲೆ ಅವರು ಎಷ್ಟು ಕ್ರ್ಯಾಂಕ್ ಎಂದು ಕೇಳುತ್ತಾರೆ. ಬಾಗಿಲು ಪಕ್ಕದ ಹಲಗೆಯನ್ನು ಪೂರ್ತಿ ಮುಚ್ಚುತ್ತಿದ್ದರೆ 0, ಎರಡು ಬಾಗಿಲು ಒಂದೇ ಹಲಗೆಯನ್ನು ಅರ್ಧರ್ಧ ಹಂಚಿಕೊಂಡಿದ್ದರೆ 8, ಬಾಗಿಲು ಹಲಗೆಗಳ ನಡುವೆ ಒಳಗೆ ಕೂರುವಂತಿದ್ದರೆ 15 ಇಲ್ಲವೇ 16.