ಕದ್ದು ತಂದ ಕಾಡುಮೇಕೆ

ಸ್ವಿಟ್ಜರ್ಲೆಂಡಿನ ಗ್ರೌಬುಂಡೆನ್ ಪ್ರಾಂತ್ಯದ ಲಾಂಛನದಲ್ಲಿ ಉದ್ದನೆಯ ಬಾಗಿದ ಕೊಂಬುಗಳ ಕಾಡುಮೇಕೆಯೊಂದಿದೆ. ಇದರ ಹೆಸರು ಐಬೆಕ್ಸ್. 19ನೇ ಶತಮಾನದಲ್ಲಿ ಈ ಪ್ರಾಣಿ ಲಾಂಛನದಲ್ಲಿತ್ತೇ ಹೊರತು ಅಲ್ಲಿನ ಬೆಟ್ಟಗಳಲ್ಲಿ ಇರಲಿಲ್ಲ.

ಇದರ ಕೊಂಬು, ರಕ್ತ, ಹೊಟ್ಟೆಯಲ್ಲಿ ಸಿಗುವ ಗಟ್ಟಿ ಉಂಡೆ ಎಲ್ಲವೂ ಔಷಧವೆಂದು ಜನ ನಂಬಿದ್ದರು. ಅಪಾಯ ಕಂಡರೆ ಕಡಿದಾದ ಬಂಡೆಯೇರಿ ನಿಲ್ಲುವುದು ಇದರ ಸ್ವಭಾವ. ತೋಳದಿಂದ ಪಾರಾಗಲು ಅಷ್ಟು ಸಾಕು, ಕೋವಿಯಿಂದ ಅಲ್ಲ. 1875ರಲ್ಲಿ ಸ್ವಿಸ್ ಸರ್ಕಾರ ಬೇಟೆ ಕಾನೂನು ತಂದು ನಿಷೇಧಿತ ಪ್ರದೇಶಗಳನ್ನು ಗುರುತಿಸಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು.

ಆಲ್ಪ್ಸ್‌ನಲ್ಲಿ ಐಬೆಕ್ಸ್ ಉಳಿದಿದ್ದುದು ಇಟಲಿ ಕಡೆಯ ಗ್ರಾನ್ ಪಾರಾಡಿಸೊ ಬೆಟ್ಟಗಳಲ್ಲಿ. ಆ ಶತಮಾನದ ಆರಂಭದಲ್ಲಿ ಅಲ್ಲಿಯೂ ಇದ್ದವು ನೂರರಷ್ಟು ಮಾತ್ರ. ದೊರೆ ಎರಡನೇ ವಿಕ್ಟರ್ ಎಮ್ಯಾನುಯೆಲ್ 1856ರಲ್ಲಿ ಆ ಬೆಟ್ಟಗಳನ್ನು ತನ್ನ ಖಾಸಗಿ ಬೇಟೆಗೆ ಮೀಸಲಿಟ್ಟು ಕಾವಲು ಹಾಕಿದ. ದಯೆಯಿಂದಲ್ಲ, ಬೇಟೆಯ ಖಯಾಲಿಯಿಂದ ಸಂತತಿ ಉಳಿಯಿತು!

ಸ್ವಿಸ್ಸರು ಊರ ಮೇಕೆಯೊಡನೆ ಬೆರೆಸಿದ ಮಿಶ್ರತಳಿಯನ್ನು ಬೆಟ್ಟಕ್ಕೆ ಬಿಟ್ಟು ನೋಡಿದರು. ಚಳಿಗಾಲದಲ್ಲಿ ಹುಟ್ಟಿದ ಮರಿಗಳು ಬದುಕಲಿಲ್ಲ. ಶುದ್ಧ ತಳಿಯೇ ಬೇಕಾಯಿತು. ಕೇಳಿದರೆ ಇಟಲಿಯ ಅರಮನೆ ಕೊಡಲಿಲ್ಲ. ಕೊನೆಗೆ ನೆರವಿಗೆ ಬಂದವರು ಕಳ್ಳಬೇಟೆಗಾರರು. ಆಗತಾನೇ ಹುಟ್ಟಿದ ಮರಿಗಳನ್ನು ಹಿಡಿದು ಗುಟ್ಟಾಗಿ ಗಡಿ ದಾಟಿಸಿದರು. 1906ರಲ್ಲಿ ಮೊದಲ ಮರಿಗಳು ಸೇಂಟ್ ಗಾಲೆನ್ ಪಟ್ಟಣದ ಪೀಟರ್ ಮತ್ತು ಪಾಲ್ ವನ್ಯಪ್ರಾಣಿಧಾಮಕ್ಕೆ ಬಂದವು. ಅವುಗಳನ್ನು ಮೇಕೆ ಹಾಲು ಕುಡಿಸಿ ಸಾಕಲಾಯಿತು. ಕಾನೂನಿನ ಕಣ್ಣಿಗೆ ಇದು ಶುದ್ಧ ಕಳವು. ಆದರೂ ಈ ಕಳವಿಲ್ಲದಿದ್ದರೆ ಸ್ವಿಸ್ ಬೆಟ್ಟಗಳಿಗೆ ಐಬೆಕ್ಸ್ ಅಷ್ಟು ಬೇಗ ಮರಳುತ್ತಿರಲಿಲ್ಲ.

1911ರಲ್ಲಿ ಗ್ರಾವ್ ಹೋರ್ನರ್ ಎಂಬ ಬೇಟೆ ನಿಷೇಧಿತ ಬೆಟ್ಟಗಳಲ್ಲಿ ಐದು ಪ್ರಾಣಿಗಳನ್ನು ಬಿಡಲಾಯಿತು. ಈ ನಡುವೆ ನಿಸರ್ಗಪ್ರೇಮಿಗಳು 1909ರಲ್ಲಿ ಸಂಘ ಕಟ್ಟಿ, ವರ್ಷಕ್ಕೆ ಒಂದು ಫ್ರಾಂಕ್ ಚಂದಾ ಎತ್ತತೊಡಗಿದ್ದರು. ಅದರ ಫಲವಾಗಿ 1914ರಲ್ಲಿ ಗ್ರೌಬುಂಡೆನ್‌ನಲ್ಲೇ ಸ್ವಿಸ್ ರಾಷ್ಟ್ರೀಯ ಉದ್ಯಾನ ಆರಂಭವಾಯಿತು. ಅಲ್ಲಿ ಮರ ಕಡಿಯುವಂತಿಲ್ಲ, ದನ ಮೇಯಿಸುವಂತಿಲ್ಲ, ಪ್ರವಾಸಿಗರು ಕಾಲುದಾರಿ ಬಿಟ್ಟು ಕದಲುವಂತಿಲ್ಲ. 1920ರಲ್ಲಿ ಐಬೆಕ್ಸ್ ಅಲ್ಲಿಗೂ ಬಂತು.

ಇಂದು ಸ್ವಿಟ್ಜರ್ಲೆಂಡಿನಲ್ಲಿ ಇವುಗಳ ಸಂಖ್ಯೆ 15 ಸಾವಿರವನ್ನು ಮೀರಿದೆ. 1977ರಿಂದ ಉದ್ಯಾನದ ಹೊರಗೆ ನಿಯಂತ್ರಿತ ಬೇಟೆಗೂ ಅನುಮತಿಯಿದೆ. ಆದರೆ ಇಷ್ಟೂ ಪ್ರಾಣಿಗಳು ಆ ನೂರರ ಸಂತತಿ. ರಕ್ತಸಂಬಂಧ ಹತ್ತಿರವಾದಷ್ಟೂ ರೋಗ ಎದುರಿಸುವ ಶಕ್ತಿ ಕುಂದುವ ಭಯವಿದೆ. ಇವುಗಳ ರೋಗನಿರೋಧಕ ವಂಶವಾಹಿಗಳಲ್ಲಿ ಊರ ಮೇಕೆಯಿಂದ ಬಂದ ಅಂಶವೂ ಸೇರಿದೆ ಎಂಬುದನ್ನು ವಿಜ್ಞಾನಿಗಳು 2014ರಲ್ಲಿ ತೋರಿಸಿಕೊಟ್ಟರು.